ಸುಣ್ಣದ ತಲೆಯ ಗೂಟಗಳು

ಮೂಡಣದ ಬಿಸಿಲು ಹಳಿಯಿಲ್ಲದ ರೈಲು ಹಾದಿಗೆ ಇಳಿಯುವಾಗ ಮೊದಲು ಹೊಳೆಯುತ್ತಿದ್ದುದು ಗೂಟಗಳ ತಲೆ. ಮೊಣಕಾಲೆತ್ತರದ ಜಾಲಿಯ ಗೂಟಗಳು, ಗಂಜಿ ಕುಡಿದು ಕುಡಿದು ತಲೆ ಬೆಳ್ಳಗಾದವು, ಹಾದಿಯುದ್ದಕ್ಕೂ ಅಲ್ಲಿಷ್ಟು ಇಲ್ಲಿಷ್ಟು ನಿಂತಿರುತ್ತಿದ್ದವು. ಅವುಗಳ ನಡುವೆ ನಮ್ಮ ಓಣಿಯ ಹೆಂಗಸರು ಕೆಂಪು, ಹಸಿರು, ಕಪ್ಪು ನೂಲನ್ನು ಎಳೆದು ಕಟ್ಟುತ್ತಿದ್ದರು. ಸೊಸೆಯಾಗಿ ಆ ಓಣಿಗೆ ಕಾಲಿಟ್ಟ ಮೇಲೆ ನಾನು ಕಂಡ ಮೊದಲ ಬೆಳಗು ಅದೇ. ನಮ್ಮ ಎರಡು ಮನೆಗಳ ನಡುವೆ ಮಾತು ನಿಂತುಹೋದದ್ದೂ ಆ ಗೂಟಗಳ ದೆಸೆಯಿಂದಲೇ.

ಎರಡು ಮನೆ ಎಂದೆನಲ್ಲ, ನಿಜಕ್ಕೂ ಅವು ಒಂದೇ ಮನೆಯ ಎರಡು ತುಂಡು. ನನ್ನ ಅತ್ತೆ ಶಾಕಮ್ಮ ನನ್ನ ಅಪ್ಪ ದೇವಲಪ್ಪನ ಒಡಹುಟ್ಟಿದ ಅಕ್ಕ. ಸೋದರತ್ತೆಯ ಮಗನನ್ನೇ ಕಟ್ಟಿಕೊಂಡವಳು ನಾನು. ಹೀಗಾಗಿ ತವರಿನ ಜಗಳ ಬೇರೆ, ಗಂಡನ ಮನೆಯ ಜಗಳ ಬೇರೆ ಎಂದು ಹಂಚಿಕೊಂಡು ಅಳುವ ಅನುಕೂಲ ನನಗಿರಲಿಲ್ಲ. ಅತ್ತೆಗೆ ಅಪ್ಪನ ಮೇಲೆ ಸಿಟ್ಟು ಬಂದ ದಿನ ನಮ್ಮನೆಯ ಸಾರಿಗೆ ಖಾರ ಹೆಚ್ಚು. ಆ ಖಾರದ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ರೈಲು ನಿಂತುಹೋಗಿ ಬಹಳ ಕಾಲವಾಗಿತ್ತು. ಆಮೇಲೆ ಯಾರೋ ಬಂದು ಹಳಿಗಳನ್ನೂ ಕಿತ್ತುಕೊಂಡು ಹೋದರು. ಉಳಿದದ್ದು ಊರನ್ನು ಸೀಳಿಕೊಂಡು ಹೋಗುವ ಉದ್ದನೆಯ ನೇರ ಬಯಲು. ನಮ್ಮೂರಿನಲ್ಲಿ ನೇರವಾದದ್ದು ಇನ್ನೊಂದು ಇರಲಿಲ್ಲ, ಓಣಿಯೂ ಇಲ್ಲ, ಮಾತೂ ಇಲ್ಲ. ನೇಕಾರರಿಗೆ ಬೇಕಾದದ್ದು ಅಂಥದೇ ಜಾಗ. ಮಗ್ಗಕ್ಕೇರಿಸುವ ಮುಂಚೆ ಬಟ್ಟೆಯ ಉದ್ದದ ಎಳೆಗಳಾಗುವ ಹಾಸಿನ ನೂಲನ್ನು ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಬಾಚಿ, ಎಳೆಬಿಸಿಲಲ್ಲಿ ಒಣಗಿಸಬೇಕು. ಆ ಬಯಲು ಹೋದರೆ ನಮ್ಮ ಹಾಸು ಹೋಯಿತು. ಹಾಸು ಹೋದರೆ ಪೇಟೆಯವರು ಸುತ್ತಿ ಕೊಟ್ಟ ನೂಲನ್ನು ಅವರು ಹೇಳಿದಂತೆ ನೇಯ್ದು ಕೊಡುವ ಕೂಲಿಗಳಾಗಬೇಕು. ಮನೆಯ ಮಗ್ಗದ ಮೇಲೆ ಪರರ ಹಾಸು ಏರುವುದೆಂದರೆ ಅತ್ತೆಗೆ ಜೀವ ಹೋದಂತೆ.

ಅಲ್ಲಿಯ ಗೂಟಗಳಿಗೆ ಒಡೆಯರಿರಲಿಲ್ಲ. ಮೊದಲು ಬಂದವರು ಕೈಗೆ ಸಿಕ್ಕ ಗೂಟ ಕಿತ್ತು ಬೇಕಾದಲ್ಲಿ ಬಡಿದುಕೊಳ್ಳುವುದು, ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟು ಹೋಗುವುದು. ನಾಳೆ ಬಂದವರಿಗೆ ಆದೀತು. ಗೂಟ ನನ್ನದು ಎಂದು ಒಬ್ಬಳು ಜಗಳ ತೆಗೆದಿದ್ದಳಂತೆ. ಅವಳ ಹೆಸರನ್ನು ಓಣಿಯಲ್ಲಿ ಇನ್ನೂ ನಕ್ಕೊಂಡೇ ಹೇಳುತ್ತಿದ್ದರು.

ಇಂಥ ಬಯಲಿನ ಮೇಲೆ ಪೇಟೆಯವರ ಕಣ್ಣು ಬೀಳದೆ ಇದ್ದೀತೆ? ಊರಿಗೆ ಹೊಸ ನಕ್ಷೆ ಆಗುತ್ತಿದೆ, ರೈಲು ಹಾದಿಯನ್ನು ಅಂಗಡಿ ಸಾಲು ಮಾಡುತ್ತಾರೆ ಎಂಬ ಸುದ್ದಿ ಹಬ್ಬಿತು. ಅದರ ಬೆನ್ನಿಗೇ ಪುರಸಭೆಯವರು ಇನ್ನೊಂದು ಮಾತು ಹೇಳಿದರು: ಹಾದಿಯನ್ನು ಹಾದಿಯಾಗಿಯೇ ಉಳಿಸಬೇಕೋ ಬೇಡವೋ ಎಂಬುದನ್ನು ಊರವರು ಮತ ಹಾಕಿ ತೀರ್ಮಾನಿಸಲಿ. ಬೇಕು ಎಂದರೆ ನಕ್ಷೆಯಲ್ಲಿ ಅದು ರೈಲಿನ ವಲಯ, ಯಾರೂ ಅಲ್ಲಿ ಒಂದು ಇಟ್ಟಿಗೆ ಇಡುವಂತಿಲ್ಲ. ಮುಂದೆ ಯಾವ ಸದಸ್ಯರು ಬಂದರೂ ಮತ್ತೆ ಜನರನ್ನು ಕೇಳದೆ ಅದನ್ನು ಬದಲಿಸುವಂತಿಲ್ಲ.

"ಇದರಾಗ ಏನೋ ಐತಿ," ಎಂದರು ಅತ್ತೆ.

ಅವರಿಗೆ ಎಲ್ಲದರಲ್ಲೂ ಏನೋ ಇರುತ್ತಿತ್ತು. ಹಾಲಿನವನ ನಗೆಯಲ್ಲಿ, ಬೀಗರು ತಂದ ಬುತ್ತಿಯಲ್ಲಿ, ನಾನು ಬೇಗ ಎದ್ದ ದಿನ ನನ್ನಲ್ಲಿ ಕೂಡ.

"ಇಷ್ಟು ದಿವಸ ನಮ್ಮನ್ನ ಯಾರರ ಏನರ ಕೇಳಿದ್ರನು? ಈಗ ಕೇಳಾಕತ್ತಾರಂದ್ರ ಏನೋ ಐತಿ."

ಆದರೂ ಓಣಿ ಓಣಿ ತಿರುಗಿ, ಬೇಕು ಎನ್ನಿರಿ ಎಂದು ಹೆಂಗಸರನ್ನು ಒಪ್ಪಿಸಿದವರು ಅವರೇ. ನಾಳೆ ನಿಜಕ್ಕೂ ರೈಲು ಬಂದರೆ ನಮ್ಮ ಹಾಸಿನ ಗತಿ ಏನು ಎಂದು ಒಬ್ಬಾಕೆ ಕೇಳಿದಾಗ ಅತ್ತೆಯ ಉತ್ತರ ಸಿದ್ಧವಿತ್ತು. "ರೈಲು ಬಂದ್ರ ಹೊಕ್ಕೈತಿ. ಅದು ಹೋದ ಮ್ಯಾಲ ನಾವು ಹಾಸು ಎಳೀತೀವಿ. ಗ್ವಾಡಿ ಬಂದ್ರ ಅದು ಎಲ್ಲಿಗೆ ಹೊಕ್ಕೈತಿ, ಹೇಳು?"

ಹಾದಿಯ ಹದ್ದು, ಅಂದರೆ ಗಡಿ, ಗುರುತಿಸಲು ಬಂದವರು ಸರ್ವೆಯ ಹಬೀಬ್ ಸಾಹೇಬರು. ಹಿಂದೆ ರೈಲಿನವರು ನೆಟ್ಟಿದ್ದ ಹದ್ದುಗಲ್ಲುಗಳನ್ನು ಮುಳ್ಳುಕಂಟಿಯಲ್ಲಿ ಹುಡುಕಿ, ಕಲ್ಲಿನಿಂದ ಕಲ್ಲಿಗೆ ಹಗ್ಗ ಹಿಡಿದು, ಗೂಟ ಬಡಿದು, ದೂರದಿಂದ ಕಾಣಲೆಂದು ಪ್ರತಿ ಗೂಟದ ತಲೆಗೆ ಸುಣ್ಣ ಬಳಿದರು. ನನ್ನ ಅಪ್ಪನ ಮನೆಯ ಹಿಂದೆ ಮಾತ್ರ ಕಲ್ಲು ಸಿಗಲಿಲ್ಲ. ಇಂಜಿನ್ನಿನ ಮಸಿ ನೂಲಿನ ಮೇಲೆ ಬೀಳದಿರಲೆಂದು ನನ್ನ ಅಜ್ಜ ಎಬ್ಬಿಸಿದ್ದ ಎತ್ತರದ ಹಿತ್ತಲ ಗೋಡೆ ಅಲ್ಲಿತ್ತು. ಸಾಹೇಬರು ಗೋಡೆಯ ಬುಡಕ್ಕೇ ಗೂಟಗಳನ್ನು ಬಡಿದು, ಸದ್ಯಕ್ಕೆ ಇದೇ ಹದ್ದು ಎಂದರು. ಮತದ ದಿನ ಬರುವುದರೊಳಗೆ ಊರವರು ಬಂದು ಗೂಟ ನೋಡಿಕೊಳ್ಳಲಿ ಎಂದು ಡಂಗುರ ಹೊಡೆಸಿದರು.

ಊರವರು ಬಂದು ನೋಡಿದಾಗ ಅಪ್ಪನ ಗೋಡೆಯ ಹಿಂದಿನ ಗೂಟಗಳು ಗೋಡೆಯ ಬುಡದಲ್ಲಿರಲಿಲ್ಲ. ಹಾದಿಯ ಒಳಕ್ಕೆ ಸರಿದು ನಿಂತಿದ್ದವು. ಗೋಡೆಗೂ ಗೂಟಕ್ಕೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲಿಸಬಹುದಿತ್ತು. ಸಾಹೇಬರು ಬೈದುಕೊಂಡು ಅವನ್ನು ಮತ್ತೆ ಬುಡಕ್ಕೆ ಬಡಿಸಿದರು. ವಾರ ಕಳೆಯುವಷ್ಟರಲ್ಲಿ ಮತ್ತೆ ಒಳಕ್ಕೆ ಬಂದಿದ್ದವು. ಅವರು ಬುಡಕ್ಕೆ ಬಡಿಸಿದಷ್ಟು ಸಲವೂ ಹಾಗೇ ಆಯಿತು. ಊರಿನ ಉಳಿದ ಕಡೆ ಎಲ್ಲೂ ಒಂದು ಗೂಟ ಅಲುಗಿರಲಿಲ್ಲ, ಸರಿದದ್ದು ಅಪ್ಪನ ಗೋಡೆಯ ಹಿಂದೆ ಮಾತ್ರ. ಹದ್ದು ಒಳಕ್ಕೆ ಬಂದಷ್ಟೂ ಹೊರಗಿನ ಜಾಗ ಯಾರ ಹಿತ್ತಲಿಗೆ ಸೇರುತ್ತದೆ ಎಂದು ತಿಳಿಯಲು ಜಾಣತನ ಬೇಕಿರಲಿಲ್ಲ.

ಪೇಟೆಯವರಿಗೆ ಹಬ್ಬವಾಯಿತು. "ಹಾದಿ ಉಳಿಸ್ತೀವಿ ಅನ್ನೋರ ಹಾದಿ ನುಂಗಾಕತ್ತಾರ, ಇವರಿಗ್ಯಾಕ ಮತ?" ಎಂದು ಚಹಾದಂಗಡಿಯಲ್ಲಿ ಕೂತು ಹೇಳತೊಡಗಿದರು. ಬೇಕು ಎಂದಿದ್ದವರು ಮುಖ ತಿರುಗಿಸತೊಡಗಿದರು. ಅತ್ತೆಯ ಕಷ್ಟವೆಲ್ಲ ನೀರಲ್ಲಿ ಹೋಮವಾಗುವ ಹಾಗಿತ್ತು.

ಹಳೆಯ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಸಭೆ ಕೂಡಿತು. ನಾನು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಿದ್ದೆ. ಅಪ್ಪ ಆ ತುದಿಯಲ್ಲಿ ಗಂಡಸರ ನಡುವೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕೂತಿದ್ದ. ಅತ್ತೆ ಎದ್ದು ನಿಂತು ಸೆರಗು ಬಿಗಿದುಕೊಂಡಾಗಲೇ ನಾನು ಕೂಸನ್ನು ಅವುಚಿಕೊಂಡೆ.

"ಗೂಟಕ್ಕೇನು ಕಾಲು ಅದಾವನು?" ಎಂದರು ಅತ್ತೆ. "ಯಾರ ಗ್ವಾಡಿ ಹಿಂದ ಸರದಾವೋ ಅವನ್ನ ಕೇಳ್ರಿ. ನನ್ನ ತಮ್ಮ ಅಂತ ನಾ ಮುಚ್ಚಿಟ್ಟುಕೊಳ್ಳಾಕಿ ಅಲ್ಲ. ಅವನ ಹಿತ್ತಲದಾಗ ಏನೈತಿ ಅಂತನೂ ಅವನ್ನ ಕೇಳ್ರಿ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪನ ಮುಖ ಸುಣ್ಣದಂತಾಯಿತು. ಅವನು ಅಕ್ಕನನ್ನು ನೋಡಿದ. ಆಮೇಲೆ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಪ್ಲಾಟ್‌ಫಾರ್ಮಿನ ಇಳಿಜಾರು ಇಳಿದು ಹೊರಟೇ ಹೋದ. ತಪ್ಪಿಲ್ಲದವನು ಹಾಗೆ ಹೋಗುತ್ತಾನೆಯೆ ಎಂದು ನನ್ನ ಪಕ್ಕದಲ್ಲಿದ್ದವಳು ಪಿಸುಗುಟ್ಟಿದಳು. ನನಗೂ ಹಾಗೇ ಅನ್ನಿಸಿತ್ತು, ಅದಕ್ಕೇ ಅವಳ ಮೇಲೆ ಸಿಟ್ಟು ಬಂತು.

ಅಂದಿನಿಂದ ಮಾತು ನಿಂತಿತು. ಅಪ್ಪನ ಮನೆಯಿಂದ ಬಂದ ಹೋಳಿಗೆಯನ್ನು ಅತ್ತೆ ಡಬ್ಬಿ ಸಹಿತ ಹಿಂದಕ್ಕೆ ಕಳಿಸಿದರು. ಅವನ ಹಿತ್ತಲಲ್ಲಿ ಏನಿದೆ ಎಂದು ನಾನು ಎಷ್ಟು ಕೇಳಿದರೂ ಅವರು ಹೇಳಲಿಲ್ಲ. "ಸತ್ತ ನಮ್ಮಪ್ಪನ ಹೆಸರು ಬರತೈತಿ ಅಂತ ಬಾಯಿ ಮುಚ್ಕೊಂಡೀನಿ. ಇಲ್ಲಂದ್ರ ಅವತ್ತ ಹೇಳ್ತಿದ್ದೆ," ಎಂದು ರಾಟೆ ತಿರುಗಿಸುತ್ತ ಕೂತರು.

ತಡೆಯಲಾರದೆ ಒಂದು ಮಧ್ಯಾಹ್ನ ಕೂಸನ್ನು ಅದರ ಅಜ್ಜನಿಗೆ ತೋರಿಸುವ ನೆಪದಲ್ಲಿ ತವರಿಗೆ ಹೋದೆ. ಅಪ್ಪ ಕೂಸನ್ನು ಎತ್ತಿಕೊಂಡು ಆಡಿಸಿದ, ಅಳಿಯನ ಮಗ್ಗದ ಬಗ್ಗೆ ಕೇಳಿದ, ಗೂಟದ ಮಾತು ಎತ್ತಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಹಿತ್ತಲಿಗೆ ಹೋದೆ. ನಾನು ಹುಟ್ಟಿ ಬೆಳೆದ ಹಿತ್ತಲು, ಪ್ರತಿ ಮೂಲೆ ಗೊತ್ತು. ಗೋಡೆಯ ಈಚೆಗೆ, ಕೊಡ ಇಡಲು ಅನುಕೂಲವಾಗಿ ಒಂದು ಚಚ್ಚೌಕದ ಕಲ್ಲು ನೆಲದಿಂದ ಎದ್ದು ನಿಂತಿತ್ತು. ಅವ್ವ ಬದುಕಿದ್ದಾಗ ಅದರ ಮೇಲೇ ತುಂಬಿದ ಕೊಡ ಇಳಿಸುತ್ತಿದ್ದಳು. ಈಗ ಅದಕ್ಕೆ ಗೋಣಿಚೀಲ ಹೊದಿಸಿತ್ತು, ಮೇಲೆ ಒಡಕು ಮಡಕೆಗಳನ್ನು ಪೇರಿಸಿತ್ತು. ನಾನು ಮಡಕೆಗೆ ಕೈ ಹಾಕುವಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಅದನ್ನ ಮುಟ್ಟಬ್ಯಾಡ ಮಗಳ."

"ಯಾಕಪ್ಪಾ? ಏನೈತಿ ಅದರಾಗ?"

"ಏನಿಲ್ಲ. ಚೇಳು ಅದಾವ."

ಅಪ್ಪ ನನ್ನ ಹತ್ತಿರ ಸುಳ್ಳು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು. ಕೂಸನ್ನು ಸೊಂಟಕ್ಕೇರಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ನಾನು ಅತ್ತೆಯ ಹಾಗೇ ಯೋಚಿಸುತ್ತ ಬಂದೆ. ಇದರಲ್ಲಿ ಏನೋ ಇದೆ.

ಕೂಸು ಚಿಕ್ಕದೆಂದು ಆವರೆಗೆ ನನ್ನನ್ನು ಬೆಳಗಿನ ಹಾಸಿನ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಮತಕ್ಕೆ ಕೆಲವೇ ದಿನ ಉಳಿದಿರುವಾಗ ಓಣಿಯ ಒಬ್ಬಾಕೆಗೆ ಜ್ವರ ಬಂದು ಕೈ ಕಡಿಮೆಯಾಯಿತು. ಅತ್ತೆ ನನ್ನನ್ನು ಎಬ್ಬಿಸಿದರು. ನಾವು ಹಾದಿಗೆ ಹೋದಾಗ ಬೆಳಕು ಹರಿದಿತ್ತು, ಬಿಸಿಲು ಅಡ್ಡಡ್ಡ ಬಿದ್ದು ಗೂಟಗಳ ತಲೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಆ ದಿನದ ಹಾಸು ಕೆಂಪು. ಗಂಜಿ ಹಚ್ಚಿದ ನೂಲನ್ನು ಹಿಡಿದು ನಾವು ಅಪ್ಪನ ಗೋಡೆಯ ಹತ್ತಿರಕ್ಕೆ ಬಂದೆವು. ಅಲ್ಲಿ ಗೋಡೆಯ ಉದ್ದನೆಯ ನೆರಳು ಹಾದಿಯ ಮೇಲೆ ಮಲಗಿತ್ತು. ಅತ್ತೆ ತಿರುಗಿ ನೋಡದೆ ಗೋಡೆಯ ಬುಡದಲ್ಲಿದ್ದ ಒಂದು ಗೂಟವನ್ನು ಎರಡು ಸಲ ಅಲ್ಲಾಡಿಸಿ ಕಿತ್ತರು.

"ಇಲ್ಲಿ ನೆರಳೈತಿ, ನೂಲು ಒಣಗೂದಿಲ್ಲ. ಒಳಗ ಸರಿ, ಒಳಗ ಸರಿ," ಎನ್ನುತ್ತ ನೆರಳು ಮುಗಿದು ಬಿಸಿಲು ಶುರುವಾಗುವ ಕಡೆ ಅದನ್ನು ಬಡಿದು, ಎಡಗೈಯಿಂದ ಹಗ್ಗ ಸುತ್ತಿ ಗಂಟು ಹಾಕಿದರು. ಅತ್ತೆ ಎಡಚಿ. ಅವರ ಗಂಟು ಉಳಿದವರ ಗಂಟಿಗಿಂತ ಉಲ್ಟಾ ತಿರುಗುತ್ತಿತ್ತು. ಉಳಿದ ಹೆಂಗಸರೂ ಅದೇ ಬುಡದಿಂದ ಇನ್ನಷ್ಟು ಗೂಟ ಕಿತ್ತು ತಂದು ಸಾಲಾಗಿ ಬಡಿದರು.

ನಾನು ನೂಲು ಹಿಡಿದು ನಿಂತವಳು ಹಾಗೇ ನಿಂತೆ. ಕಿತ್ತ ಗೂಟದ ತಲೆ ಬೆಳ್ಳಗಿತ್ತು. ಪಕ್ಕದ ಗೂಟದ್ದೂ ಬೆಳ್ಳಗಿತ್ತು. ಒಂದರದು ಗಂಜಿ, ಒಂದರದು ಸುಣ್ಣ. ವರ್ಷಗಟ್ಟಲೆ ಆ ಬಯಲಿನಲ್ಲಿ ಬಿಳಿ ತಲೆಯ ಗೂಟವೆಂದರೆ ಹಾಸಿನ ಗೂಟ ಎಂದು ಕೈಗೆ ರೂಢಿಯಾದವರು ಅದನ್ನು ಕಣ್ಣಿಟ್ಟು ನೋಡುವುದೇ ಇಲ್ಲ. ಊರಲ್ಲಿ ಬೇರೆಲ್ಲೂ ಹಾದಿಯ ಅಂಚಿಗೆ ಎತ್ತರದ ಗೋಡೆಯಿಲ್ಲ, ನೆರಳಿಲ್ಲ, ಅಲ್ಲಿ ಗೂಟ ಸರಿಸುವ ಅಗತ್ಯವೂ ಇಲ್ಲ.

ತಲೆಯೆತ್ತಿದೆ. ಹಿತ್ತಲ ಕಟ್ಟೆ ಹತ್ತಿ ನಿಂತು, ಗೋಡೆಯ ಮೇಲಿಂದ ಅಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ. ನನ್ನ ಕಣ್ಣು ಸಿಕ್ಕಿದೊಡನೆ ತಲೆ ಕೆಳಗಿಳಿಸಿದ.

ಹಾಸು ಮುಗಿದದ್ದೇ ತಡ, ಓಡಿದೆ. "ಅಪ್ಪಾ, ನಿನಗ ಗೊತ್ತಿತ್ತು."

"ಗೊತ್ತಿತ್ತು. ದಿನಾ ನೋಡ್ತೀನಿ."

"ಮತ್ತ ಸಭಾದಾಗ ಯಾಕ ಹೇಳಲಿಲ್ಲ? ಆಕಿ ಎಲ್ಲಾರ ಮುಂದ ನಿನ್ನ ಕಳ್ಳ ಅಂದ್ಲಲ್ಲ."

ಅಪ್ಪ ಬಾಯಿ ಮುಕ್ಕಳಿಸಿ ಉಗುಳಿ, ಟವೆಲಿನಿಂದ ಒರೆಸಿಕೊಂಡ. "ನಾ ಹೇಳಿದ್ರ ಏನಾಕ್ಕಿತ್ತು? ಸರ್ವೆ ಗೂಟ ಕಿತ್ತವರು ನೇಕಾರರ ಅಂತ ಆಕ್ಕಿತ್ತು. ತಮ್ಮ ಹಾಸಿನ ಸಲುವಾಗಿ ಇದೆಲ್ಲಾ ಆಟ ಹೂಡ್ಯಾರ ಅಂತ ಪೇಟಿಯವರು ಡಂಗುರ ಹೊಡಸ್ತಿದ್ರು. ಒಬ್ಬ ದೇವಲಪ್ಪ ಕಳ್ಳ ಆದ್ರ ಮತ ಉಳೀಬಹುದು. ಓಣಿ ಎಲ್ಲಾ ಕಳ್ಳರಾದ್ರ ಉಳೀತೈತೇನು? ಮತ ಮುಗಿಯೂತನಕ ನಾನ ಕಳ್ಳ ಇರ್ತೀನಿ, ಬಿಡು. ನೀನೂ ಬಾಯಿ ಬಿಡಬ್ಯಾಡ."

ನನಗೆ ಅಳು ಬಂತು. ಆದರೆ ಕಣ್ಣು ಒರೆಸಿಕೊಳ್ಳುವಾಗ ಗೋಣಿಚೀಲ ಕಂಡಿತು. "ಅದೇನು ಮತ್ತ?"

"ಅದು ಬ್ಯಾರೆ ಮಾತು," ಎಂದು ಅಪ್ಪ ಒಳಗೆ ಹೋದ.

ನಮ್ಮ ಮನೆತನದ ರಕ್ತದಲ್ಲೇ ಸಂಶಯವಿದೆ ಎಂದು ಕಾಣುತ್ತದೆ. ಅರ್ಧ ಮಾತು ಕೇಳಿ ಪೂರ್ತಿ ಸಮಾಧಾನವಾಗುವ ಜನ ನಾವಲ್ಲ. ಗೂಟದ ವಿಷಯದಲ್ಲಿ ಅಪ್ಪ ನಿಜ ಹೇಳಿದ್ದ. ಹಾಗಾದರೆ ಕಲ್ಲನ್ನು ಯಾಕೆ ಮುಚ್ಚಿದ? ಅಕ್ಕನ ಸಲುವಾಗಿ ಸುಮ್ಮನಿದ್ದಾನೋ, ತನ್ನ ಗೋಡೆಯ ಸಲುವಾಗಿಯೋ? ಮತದ ದಿನದವರೆಗೆ ಇದನ್ನೇ ನೂಲಿನ ಹಾಗೆ ಎಳೆದೂ ಎಳೆದೂ ನನಗೆ ನಿದ್ದೆ ಕೆಟ್ಟಿತು. ಅತ್ತೆ ಊಟಕ್ಕೆ ಕೂತಾಗಲೆಲ್ಲ ತಮ್ಮನನ್ನು ಬೈಯುತ್ತಿದ್ದರು, ನಾನು ಬಾಯಿಗೆ ಬೀಗ ಹಾಕಿಕೊಂಡು ರೊಟ್ಟಿ ಬಡಿಸುತ್ತಿದ್ದೆ. ಒಂದು ದಿನ ರೊಟ್ಟಿ ತಟ್ಟೆಗೆ ಸ್ವಲ್ಪ ಜೋರಾಗಿ ಬಿತ್ತು. ಅತ್ತೆ ತಲೆಯೆತ್ತಿ ನೋಡಿದರು.

"ನಿನ್ನ ಹೊಟ್ಯಾಗೂ ಏನೋ ಐತಿ," ಎಂದರು.

ಮತ ಹಾಕಿದ್ದು ಸ್ಟೇಷನ್ನಿನ ಹಳೆಯ ಟಿಕೆಟ್ ಕೋಣೆಯಲ್ಲಿ. ಅಪ್ಪ ಒಬ್ಬನೇ ಬಂದು ಸಾಲಿನಲ್ಲಿ ನಿಂತಾಗ ಅವನ ಹಿಂದೆ ಮುಂದೆ ಜನ ಜಾಗ ಬಿಟ್ಟು ನಿಂತರು. ಅತ್ತೆ ಅವನು ಒಳಗೆ ಹೋಗಿ ಬರುವವರೆಗೂ ಕಣ್ಣು ಕೀಳದೆ ನೋಡಿ, "ಬ್ಯಾಡ ಅಂತನ ಹಾಕ್ಯಾನ, ಮಾರಿ ನೋಡಿದ್ರ ಗೊತ್ತಾಗತೈತಿ," ಎಂದರು. ಸಂಜೆ ಎಣಿಕೆ ಮುಗಿಯಿತು. ಬೇಕು ಎಂದವರೇ ಹೆಚ್ಚಾಗಿದ್ದರು, ಹೆಚ್ಚೇನೂ ಅಂತರವಿರಲಿಲ್ಲ. ಓಣಿಯ ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅತ್ತೆ ಮಾತ್ರ, ಇಷ್ಟು ಸುಲಭಕ್ಕೆ ಹೇಗಾಯಿತು ಎಂದು ಹುಬ್ಬು ಗಂಟಿಕ್ಕಿಕೊಂಡೇ ಮನೆಗೆ ಬಂದರು.

ಹದ್ದನ್ನು ಕಾಯಂ ಮಾಡಲು ಹಬೀಬ್ ಸಾಹೇಬರು ಒಂದು ಬೆಳಗ್ಗೆ ಹಗ್ಗ, ಸರಪಳಿ ಹಿಡಿದು ಬಂದಾಗ ಅರ್ಧ ಊರೇ ಹಿಂದೆ ಬಂದಿತ್ತು. ಅಪ್ಪನ ಗೋಡೆಯ ಹತ್ತಿರ ಬಂದು ಸಾಹೇಬರು ನಿಂತರು. "ಇಲ್ಲೊಂದು ಕಲ್ಲು ಸಿಕ್ಕಿದ್ರ ಲೆಕ್ಕ ಬರೋಬ್ಬರಿ ಕೂಡತಿತ್ತು ನೋಡ್ರಿ," ಎಂದು ಹಣೆ ಒರೆಸಿಕೊಂಡರು.

ಅಪ್ಪ ಹಿತ್ತಲ ಬಾಗಿಲು ತೆರೆದ. "ಒಳಗ ಬರ್ರಿ, ಸಾಹೇಬರ."

ನಾವೆಲ್ಲ ಒಳಗೆ ನುಗ್ಗಿದೆವು. ಅಪ್ಪ ಒಡಕು ಮಡಕೆಗಳನ್ನು ಒಂದೊಂದಾಗಿ ಇಳಿಸಿ, ಗೋಣಿಚೀಲ ಎಳೆದ. ಅವ್ವ ಕೊಡ ಇಳಿಸುತ್ತಿದ್ದ ಕಲ್ಲು. ಗೋಡೆಯ ಕಡೆಗಿದ್ದ ಮಗ್ಗುಲನ್ನು ಅವನು ಟವೆಲಿನಿಂದ ಉಜ್ಜಿದಾಗ ಉಳಿದ ಹದ್ದುಗಲ್ಲುಗಳ ಮೇಲಿದ್ದ ಅದೇ ಕೆತ್ತನೆ ಕಾಣಿಸಿತು. ಅಜ್ಜ ಗೋಡೆ ಎಬ್ಬಿಸುವಾಗ ರೈಲಿನ ಜಾಗದೊಳಕ್ಕೆ ಕಾಲಿಟ್ಟು, ಕಲ್ಲನ್ನು ಹಿತ್ತಲೊಳಗೆ ಹಾಕಿಕೊಂಡಿದ್ದ. ಅತ್ತೆ ಮತ್ತು ಅಪ್ಪ ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಆಡಿದವರು. ಇಬ್ಬರಿಗೂ ಗೊತ್ತಿತ್ತು.

ಸಾಹೇಬರು ಕಲ್ಲನ್ನೂ ಗೋಡೆಯನ್ನೂ ನೋಡಿದರು. "ಹಿಂಗಾದ್ರ ನಿಮ್ಮ ಗ್ವಾಡಿ ಹೊಕ್ಕೈತಲ್ರೀ ದೇವಲಪ್ಪನೋರ. ಅರ್ಧ ಹಿತ್ತಲನೂ."

"ಹೋಗಲಿ ಬಿಡ್ರಿ. ಹಾದಿ ಬೇಕಂತ ಮತ ಹಾಕೀನಿ, ಈಗ ಗ್ವಾಡಿ ಬೇಕಂದ್ರ ಹೆಂಗ? ಮೊದಲ ತೋರಸ್ತಿದ್ದೆ. ಆದ್ರ ತಮ್ಮ ತಮ್ಮ ಹಿತ್ತಲದಾಗೂ ಕಲ್ಲು ಇದ್ದೀತು ಅಂತ ಓಣಿಯವರು ಹೆದರಿ ಬ್ಯಾಡ ಅಂತ ಮತ ಹಾಕ್ತಿದ್ರು."

ನಾನು ಅತ್ತೆಯ ಕಡೆ ನೋಡಿದೆ. ಅವರು ಕಲ್ಲನ್ನು ನೋಡುತ್ತಿದ್ದರು. ಮುಖದ ಮೇಲೆ ಇನ್ನೂ ಅದೇ ಬಿಗಿ. ಕಲ್ಲು ಕೊಟ್ಟರೆ ಗೂಟ ಸರಿಸಿದ ತಪ್ಪು ತೊಳೆದು ಹೋಗುತ್ತದೆಯೆ ಎಂದು ಕೇಳುವ ಮುಖ.

ಹೊರಗೆ ಬಂದು ಸಾಹೇಬರು ಸರಿದಿದ್ದ ಗೂಟಗಳನ್ನು ಕೀಳಲು ಹೇಳಿದರು. ಆಳು ಒಂದನ್ನು ಕಿತ್ತು ಅತ್ತೆಯ ಕಾಲ ಬಳಿ ಎಸೆದ. ಸುಣ್ಣದ ತಲೆಯ ಕೆಳಗೆ, ಗೂಟದ ಕೊರಳಿನಲ್ಲಿ, ಗಂಜಿಯಿಂದ ಸೆಟೆದು ಹೋದ ಹಗ್ಗದ ತುಂಡೊಂದು ಉಳಿದಿತ್ತು. ಕೆಂಪು ನೂಲಿನ ಎಳೆಗಳು ಅಂಟಿಕೊಂಡಿದ್ದವು. ಗಂಟು ಉಲ್ಟಾ ತಿರುಗಿತ್ತು.

ಅತ್ತೆ ಬಗ್ಗಿ ಗೂಟ ಎತ್ತಿಕೊಂಡರು. ಹೆಬ್ಬೆರಳಿನಿಂದ ಗಂಟನ್ನು ಮುಟ್ಟಿದರು. ಗೋಡೆಯ ನೆರಳನ್ನು ನೋಡಿದರು, ನೆರಳಿನ ಅಂಚಿಗೆ ಸರಿಯಾಗಿ ನಿಂತಿದ್ದ ಉಳಿದ ಗೂಟಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದ್ದೇ ಅವರಿಗೆ ಉತ್ತರವಾಯಿತು. ಗೂಟವನ್ನು ಸೆರಗಿನೊಳಗೆ ಮುಚ್ಚಿಕೊಂಡು ಮನೆಗೆ ಹೋದರು. ಆ ರಾತ್ರಿ ಊಟ ಮಾಡಲಿಲ್ಲ. ಅವರು ಅಳುವುದನ್ನು ನಾನು ಕಂಡವಳಲ್ಲ, ಆದ್ದರಿಂದ ಅಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು ಎಂದಷ್ಟೇ ಹೇಳುತ್ತೇನೆ.

ಗೋಡೆಯನ್ನು ಅಪ್ಪ ತಾನೇ ಆಳು ಹಚ್ಚಿ ಕೆಡವಿಸಿದ. ಮಣ್ಣು ಎತ್ತಿ ಮುಗಿದ ಮರುದಿನ ನಾವು ಹಾ‍ಸು ಎಳೆಯಲು ಹೋದೆವು. ಮೊದಲ ಸಲ ಅಲ್ಲಿ ನೆರಳಿರಲಿಲ್ಲ, ಬಿಸಿಲು ನೇರ ಅಪ್ಪನ ಅಡುಗೆಮನೆಯ ಬಾಗಿಲಿನಿಂದ ಹಾದಿಯವರೆಗೆ ಹರಡಿತ್ತು. ಅಪ್ಪ ಆ ಬಾಗಿಲಲ್ಲಿ ಬೇವಿನ ಕಡ್ಡಿ ಹಿಡಿದು ನಿಂತಿದ್ದ. ನಡುವೆ ಅಡ್ಡ ಏನೂ ಇಲ್ಲದ್ದರಿಂದ ಅವನಿಗೆ ಎಲ್ಲಿ ನೋಡುವುದೆಂದು ತಿಳಿಯುತ್ತಿರಲಿಲ್ಲ.

ಅತ್ತೆ ಸೆರಗಿನಿಂದ ಆ ಗೂಟವನ್ನು ತೆಗೆದು, ಹದ್ದುಗಲ್ಲಿನ ಮಗ್ಗುಲಿಗೆ, ಹಾದಿಯ ಕಡೆ ಬಡಿದರು. ಗಂಟು ಹಾಕುತ್ತ, ಯಾರನ್ನೂ ನೋಡದೆ, ನನಗೆ ಹೇಳಿದರು: "ನಿಮ್ಮಪ್ಪನ್ನ ಕರಿ. ಹಾಸು ಹಿಡಿಯಾಕ ಒಂದು ಕೈ ಕಡಿಮಿ ಐತಿ."

ಕೈ ಕಡಿಮೆಯಿರಲಿಲ್ಲ. ಜ್ವರ ಬಂದಿದ್ದವಳೂ ಆ ದಿನ ಬಂದಿದ್ದಳು. ನಾನು ಕರೆದೆ. ಅಪ್ಪ ಕಡ್ಡಿ ಬಿಸಾಡಿ, ಕೈ ತೊಳೆದುಕೊಂಡು, ತೇವದ ಕೈಯಲ್ಲೇ ಬಂದು ನೂಲಿನ ತುದಿ ಹಿಡಿದ.

"ಕಲ್ಲಿನ ಆಚಿಗೆ ನಿಂದ್ರು," ಎಂದರು ಅತ್ತೆ, "ಹಾದಿ ತುಳೀಬ್ಯಾಡ, ಅದು ರೈಲಿಂದು."

"ನೀ ನಿಂತದ್ದು ಎಲ್ಲಿ ಮತ್ತ, ಅಕ್ಕಾ?"

ಅತ್ತೆ ನೂಲನ್ನು ಜಗ್ಗಿದರು. ಕೆಂಪು ಹಾಸು ಅವರಿಬ್ಬರ ನಡುವೆ ಬಿಗಿಯಾಗಿ ಎದ್ದು ನಿಂತಿತು. ರೈಲು ಇನ್ನೂ ಬಂದಿರಲಿಲ್ಲ, ಬರುತ್ತದೆಂದು ಯಾರೂ ಹೇಳಿರಲೂ ಇಲ್ಲ. ಹಾದಿಯುದ್ದಕ್ಕೂ, ಕಣ್ಣು ಹೋಗುವಷ್ಟು ದೂರ, ಗೂಟಗಳ ಬಿಳಿ ತಲೆಗಳು ಬಿಸಿಲಿಗೆ ಬಂದಿದ್ದವು.